ದಿನಕ್ಕೊಂದು ದಾರಿ ತೋರಿಸುವ ಚಂಡಮಾರುತ: ಏನು ನೋಡಬೇಕು, ಏನು ಬಿಡಬೇಕು? ಅನುಭವ ಇದ್ದವರು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹವಾಮಾನ ಗಮನಿಸುವ ಹವ್ಯಾಸಕ್ಕೆ ನಾನು ಹೊಸಬಳು. ಮನೆ ಕಡಲಿನಿಂದ ತುಂಬಾ ದೂರವಿಲ್ಲ. ಈಗ ಸಮುದ್ರದಲ್ಲಿ ಎದ್ದಿರುವ ಚಂಡಮಾರುತ ಉತ್ತರಕ್ಕೆ ಹೋಗುತ್ತದೆ ಅಂತ ನಿನ್ನೆ ಇತ್ತು. ಇವತ್ತು ಬೆಳಿಗ್ಗೆ ನಮ್ಮ ಕಡೆಗೇ ಗೆರೆ ಬಂತು. ಸಂಜೆಯ ನಕ್ಷೆಯಲ್ಲಿ ಸಮುದ್ರದಲ್ಲೇ ಸುತ್ತು ಹಾಕುತ್ತಿದೆ. ವಿಂಡಿ ಆ್ಯಪ್‌ನಲ್ಲಿ ಮಾಡೆಲ್ (ಹವಾಮಾನ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಬದಲಿಸಿದರೆ ಚಂಡಮಾರುತ ಬೇರೆಯೇ ಜಾಗದಲ್ಲಿ ಇರುತ್ತದೆ. ಯಾವುದನ್ನು ನಂಬಬೇಕು? ಇಂಥದ್ದನ್ನು ಹಿಂದೆ ಗಮನಿಸಿದವರು ನಿಮ್ಮ ಅನುಭವ ಹೇಳಿದರೆ ಉಪಕಾರವಾಗುತ್ತದೆ.

ಬಹಳ ಕಾಲದಿಂದ ಮಾಡೆಲ್ ನೋಡುತ್ತಾ ಬಂದವರು

ನಕ್ಷೆಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ ಅಂದರೆ ಈ ಸಲದ ಮುನ್ಸೂಚನೆ ಕಷ್ಟದ್ದು ಅಂತ ಅರ್ಥ. ಅದೂ ಒಂದು ಮಾಹಿತಿಯೇ. ಅದನ್ನು ಹಾಗೇ ಬರೆದಿಟ್ಟುಕೊಳ್ಳಿ.

ಯಾಕೆ ಕಷ್ಟ ಅಂತ ತಿಳಿದರೆ ನೋಡುವ ರೀತಿಯೇ ಬದಲಾಗುತ್ತದೆ. ಚಂಡಮಾರುತವನ್ನು ಮುಖ್ಯವಾಗಿ ಸಾಗಿಸುವುದು ಅದರ ಸುತ್ತಲಿನ ಗಾಳಿಯ ದೊಡ್ಡ ಹರಿವು. ಒಂದು ಕಡೆ ಬಲವಾದ ಅಧಿಕ ಒತ್ತಡದ ಪ್ರದೇಶ ಇದ್ದರೆ ಅದರ ಅಂಚು ಹಿಡಿದು ಸಾಗುತ್ತದೆ. ಆಗ ಮಾಡೆಲ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ದಾರಿ ತೋರಿಸುತ್ತವೆ. ಆದರೆ ಎರಡು ಕಡೆಯೂ ಸಮ ಬಲದ ಅಧಿಕ ಒತ್ತಡ ಇದ್ದು, ಚಂಡಮಾರುತ ನಡುವೆ ಸಿಕ್ಕಿಕೊಂಡರೆ ಕಥೆ ಬೇರೆ. ನಿಲ್ಲುತ್ತದೆ, ಸುತ್ತು ಹಾಕುತ್ತದೆ, ಕೆಲವೊಮ್ಮೆ ಬಂದ ಕಡೆಗೇ ತಿರುಗುತ್ತದೆ. 2013ರ ಡಿಸೆಂಬರ್‌ನಲ್ಲಿ ಬಂಗಾಳ ಕೊಲ್ಲಿಯ ‘ಮಾದಿ’ ಉತ್ತರಕ್ಕೆ ಹೋಗುತ್ತಿದ್ದದ್ದು ತಿರುಗಿ ನೈಋತ್ಯಕ್ಕೆ ಇಳಿಯಿತು. ಸೊರಗಿ ಸೊರಗಿ ಕೊನೆಗೆ ತಮಿಳುನಾಡು ತೀರ ಸೇರಿತು.

ಹಾಗಾಗಿ ವಿಂಡಿಯಲ್ಲಿ ನೆಲಮಟ್ಟದ ಗಾಳಿಯನ್ನಷ್ಟೇ ನೋಡಿ ಬಿಡಬೇಡಿ. 500 ಮಿಲಿಬಾರ್ ಮಟ್ಟಕ್ಕೆ, ಅಂದರೆ ಸುಮಾರು ಐದೂವರೆ ಕಿ.ಮೀ. ಎತ್ತರಕ್ಕೆ ಹೋಗಿ. ಅಲ್ಲಿ ಅಧಿಕ ಒತ್ತಡ ಎಲ್ಲಿದೆ, ಅದು ಕುಗ್ಗುತ್ತಿದೆಯೇ, ಹಿಗ್ಗುತ್ತಿದೆಯೇ ನೋಡಿ. ನನ್ನ ಮಟ್ಟಿಗೆ ಚಂಡಮಾರುತಕ್ಕಿಂತ ಜಾಸ್ತಿ ಹೊತ್ತು ನೋಡಬೇಕಾದ ಜಾಗ ಅದು. ಇನ್ನೊಂದು ಸಂಗತಿಯನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ. ಬಲವಾದ ಚಂಡಮಾರುತ ಎತ್ತರದವರೆಗೆ ಬೆಳೆದಿರುತ್ತದೆ, ಅದನ್ನು ಮೇಲಿನ ಗಾಳಿಯೂ ಎಳೆಯುತ್ತದೆ. ದುರ್ಬಲವಾದದ್ದು ಕೆಳಮಟ್ಟದ ಗಾಳಿಯ ಜೊತೆ ಹೋಗುತ್ತದೆ. ಎರಡು ಎತ್ತರದಲ್ಲಿ ಗಾಳಿ ಬೇರೆ ಬೇರೆ ದಿಕ್ಕಿಗಿದ್ದರೆ, ‘ಎಷ್ಟು ಬಲವಾಗುತ್ತದೆ’ ಎಂಬುದೇ ‘ಎಲ್ಲಿಗೆ ಹೋಗುತ್ತದೆ’ ಎಂಬುದನ್ನು ತೀರ್ಮಾನಿಸುತ್ತದೆ. ನಿಮ್ಮ ಎರಡು ಮಾಡೆಲ್‌ಗಳ ಜಗಳ ಅನೇಕ ಸಲ ಇಲ್ಲಿಂದಲೇ ಶುರುವಾಗುತ್ತದೆ. ಎರಡರಲ್ಲೂ ಕೇಂದ್ರದ ಒತ್ತಡ ಎಷ್ಟಿದೆ ಅಂತ ಹೋಲಿಸಿ ನೋಡಿ.

ಇನ್ನು ಯಾವ ಮಾಡೆಲ್ ಎಂಬ ಪ್ರಶ್ನೆ. ಯುರೋಪಿನ ಹವಾಮಾನ ಕೇಂದ್ರದ ಮಾಡೆಲ್ ಇಸಿಎಂಡಬ್ಲ್ಯೂಎಫ್ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. 2015ರಲ್ಲಿ ಅಟ್ಲಾಂಟಿಕ್‌ನ ‘ವಾಕೀನ್’ ಅಮೆರಿಕದ ಪೂರ್ವ ತೀರಕ್ಕೆ ಬರುತ್ತದೆ ಅಂತ ಹಲವು ಮಾಡೆಲ್‌ಗಳು ತೋರಿಸಿದಾಗ, ಇಲ್ಲ, ಸಮುದ್ರದ ಕಡೆಗೇ ಹೋಗುತ್ತದೆ ಅಂತ ತೋರಿಸಿದ್ದು ಅದೇ. ಹಾಗೇ ಆಯಿತು ಕೂಡ. ಆದರೂ ಒಂದೇ ಮಾಡೆಲ್‌ನ ಒಂದೇ ಗೆರೆಯನ್ನು ಹಿಡಿದುಕೊಂಡು ಕೂರಬೇಡಿ. ಎನ್ಸೆಂಬಲ್ ನೋಡಿ. ಆರಂಭದ ಸ್ಥಿತಿಯನ್ನು ಚೂರು ಚೂರು ಬದಲಿಸಿ ಅದೇ ಮಾಡೆಲ್ ಅನ್ನು ಮತ್ತೆ ಮತ್ತೆ ಓಡಿಸಿರುತ್ತಾರೆ. ಯುರೋಪಿನದ್ದರಲ್ಲಿ ಅಂಥ 50 ಗೆರೆಗಳು ಬರುತ್ತವೆ. ಎಲ್ಲವೂ ಒಟ್ಟಾಗಿ ಸಾಗಿದರೆ ಭರವಸೆ ಜಾಸ್ತಿ. ಬೀಸಣಿಗೆಯ ಹಾಗೆ ಹರಡಿದರೆ ಕಡಿಮೆ. ಎರಡು ಗುಂಪಾಗಿ ಒಡೆದಿದ್ದರೆ ಎರಡರ ನಡುವಿನ ಸರಾಸರಿ ಗೆರೆಯನ್ನು ಮಾತ್ರ ನಂಬಬೇಡಿ, ಯಾಕಂದರೆ ಆ ನಡುದಾರಿಯಲ್ಲಿ ಒಂದು ಗೆರೆಯೂ ಹೋಗಿರುವುದಿಲ್ಲ.

ಜಿಎಫ್‌ಎಸ್ ಎಂಬ ಅಮೆರಿಕದ ಮಾಡೆಲ್ ದಿನಕ್ಕೆ ನಾಲ್ಕು ಸಲ ಹೊಸದಾಗಿ ಬರುತ್ತದೆ. ಪ್ರತಿ ಸಲವೂ ಮನಸ್ಸು ಬದಲಿಸಿದರೆ ತಲೆ ಕೆಟ್ಟುಹೋಗುತ್ತದೆ. ಗುಂಪು ಸತತವಾಗಿ ಒಂದೇ ಕಡೆಗೆ ಜರುಗುತ್ತಾ ಹೋದರೆ ಮಾತ್ರ ನಾನು ಅದಕ್ಕೆ ಬೆಲೆ ಕೊಡುತ್ತೇನೆ. ಅತ್ತಿತ್ತ ತೂಗಾಡುತ್ತಿದ್ದರೆ ಕಾಯುತ್ತೇನೆ.

ಉಪಗ್ರಹ ಚಿತ್ರ ನೋಡುವ ಆಸಕ್ತಿ ಇರುವವರು

ಮೇಲಿನವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ನಾಳೆ ಎಲ್ಲಿರುತ್ತದೆ ಅಂತ ಕೇಳುವ ಮೊದಲು ಈಗ ಎಲ್ಲಿದೆ ಅಂತ ನೋಡಿ. ಬಲ ಬರದ ಚಂಡಮಾರುತದಲ್ಲಿ ಇದು ಸುಲಭವಲ್ಲ. ಎತ್ತರದ ಬಿಳಿ ಮೋಡ ಒಂದು ಕಡೆ, ಕೆಳಗಿನ ಸುಳಿ ಇನ್ನೊಂದು ಕಡೆ ಇರುತ್ತದೆ. ಮೇಲಿನ ಗಾಳಿಗೂ ಕೆಳಗಿನ ಗಾಳಿಗೂ ವ್ಯತ್ಯಾಸ ಜಾಸ್ತಿ ಇದ್ದಾಗ ಹೀಗಾಗುತ್ತದೆ, ಇದಕ್ಕೇ ವಿಂಡ್ ಶಿಯರ್ ಅನ್ನುವುದು. ಕೆಲವೊಮ್ಮೆ ದೊಡ್ಡ ಗುಡುಗು ಮೋಡದ ಕೆಳಗೆ ಹೊಸ ಕೇಂದ್ರವೇ ಹುಟ್ಟುತ್ತದೆ. ಅಷ್ಟರಲ್ಲಿ ಹಳೆಯ ಜಾಗದಿಂದ ಲೆಕ್ಕ ಶುರುಮಾಡಿದ ಮಾಡೆಲ್‌ನ ದಾರಿಯೆಲ್ಲ ಪಕ್ಕಕ್ಕೆ ಸರಿದುಬಿಡುತ್ತದೆ. ಹಗಲಿನಲ್ಲಿ ವಿಸಿಬಲ್, ಅಂದರೆ ಬಿಸಿಲ ಬೆಳಕಿನಲ್ಲಿ ತೆಗೆದ ಉಪಗ್ರಹ ಚಿತ್ರವನ್ನು ಓಡಿಸಿ ನೋಡಿ, ಕೆಳಗಿನ ಮೋಡಗಳ ಸಾಲು ಯಾವ ಬಿಂದುವಿನ ಸುತ್ತ ತಿರುಗುತ್ತಿದೆ ಅಂತ ಕಾಣುತ್ತದೆ. ರಾತ್ರಿ ಮೈಕ್ರೋವೇವ್ ಚಿತ್ರ ಸಿಕ್ಕಿದರೆ ಮೇಲಿನ ಮೋಡದ ಹೊದಿಕೆ ದಾಟಿ ಒಳಗಿನ ಮಳೆಪಟ್ಟಿ ಕಾಣಿಸುತ್ತದೆ.

ಬಲದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ದಾರಿಯ ಮುನ್ಸೂಚನೆ ವರ್ಷ ವರ್ಷಕ್ಕೂ ಸುಧಾರಿಸಿದೆ, ಬಲದ್ದು ಅಷ್ಟು ಸುಧಾರಿಸಿಲ್ಲ. 24 ಗಂಟೆಯಲ್ಲಿ ಗಾಳಿಯ ವೇಗ ಗಂಟೆಗೆ 55 ಕಿ.ಮೀ. ಹೆಚ್ಚಿದರೆ ಅದನ್ನು ‘ರ‍್ಯಾಪಿಡ್ ಇಂಟೆನ್ಸಿಫಿಕೇಶನ್’ ಅನ್ನುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಮೆಕ್ಸಿಕೋದ ಅಕಾಪುಲ್ಕೊ ಹತ್ತಿರ ‘ಓಟಿಸ್’ ಒಂದೇ ದಿನದಲ್ಲಿ ಗಂಟೆಗೆ 170 ಕಿ.ಮೀ.ಗೂ ಹೆಚ್ಚು ಬಲ ಪಡೆದು ಐದನೇ, ಅಂದರೆ ಅತಿ ಮೇಲಿನ ದರ್ಜೆಯಲ್ಲಿ ತೀರಕ್ಕೆ ಬಡಿಯಿತು. ಮುಖ್ಯ ಮಾಡೆಲ್‌ಗಳು ಅದನ್ನು ಹಿಡಿಯಲೇ ಇಲ್ಲ. 2017ರ ‘ಓಖಿ’ ನವೆಂಬರ್ 29ರಂದು ಬರೀ ವಾಯುಭಾರ ಕುಸಿತ, 30ಕ್ಕೆ ಕನ್ಯಾಕುಮಾರಿ ಬಳಿ ಚಂಡಮಾರುತ. ಆಗಲೇ ಸಮುದ್ರಕ್ಕೆ ಇಳಿದಿದ್ದ ಮೀನುಗಾರರು ಎಷ್ಟೋ ಜನ ವಾಪಸ್ ಬರಲಿಲ್ಲ. ನೀರು ಬೆಚ್ಚಗಿದೆ, ಶಿಯರ್ ಕಡಿಮೆ ಇದೆ, ಸುತ್ತ ಗಾಳಿ ತೇವವಾಗಿದೆ, ಈ ಮೂರೂ ತೀರದ ಹತ್ತಿರ ಕೂಡಿಬಂದರೆ ಮುನ್ಸೂಚನೆಯಲ್ಲಿ ಇರುವುದಕ್ಕಿಂತ ಒಂದು ದರ್ಜೆ ಮೇಲಿನದ್ದಕ್ಕೆ ಸಿದ್ಧರಾಗಿ ಅಂತಲೇ ನಾನು ಹೇಳುವುದು.

ಒಂದು ಸಣ್ಣ ವಿಷಯ. ಒಂದೇ ಚಂಡಮಾರುತಕ್ಕೆ ಎರಡು ಸಂಸ್ಥೆಗಳು ಬೇರೆ ಬೇರೆ ವೇಗ ಹೇಳಿದರೆ ಗಾಬರಿ ಬೇಡ. ಭಾರತದ ಹವಾಮಾನ ಇಲಾಖೆ 3 ನಿಮಿಷದ ಸರಾಸರಿ ತೆಗೆದುಕೊಳ್ಳುತ್ತದೆ, ಅಮೆರಿಕದವರು 1 ನಿಮಿಷದ್ದು. ಅವರ ಅಂಕಿ ಸಹಜವಾಗಿ ಸ್ವಲ್ಪ ದೊಡ್ಡದಿರುತ್ತದೆ.

ಕೇಳಿದವರು

ಇಬ್ಬರಿಗೂ ತುಂಬಾ ಧನ್ಯವಾದ. 500 ಮಿಲಿಬಾರ್ ನಕ್ಷೆ ಈಗಷ್ಟೇ ತೆರೆದೆ, ನೀವು ಹೇಳಿದಂತೆ ಎರಡು ಕಡೆಯೂ ಅಧಿಕ ಒತ್ತಡ ಇದೆ. ಮನೆಯಲ್ಲಿ ಒಂದು ಬ್ಯಾರೋಮೀಟರ್ ಇದೆ. ಅದರಿಂದ ಏನಾದರೂ ಉಪಯೋಗ ಇದೆಯಾ? ಬೆಳಿಗ್ಗೆಯಿಂದ 3 ಮಿಲಿಬಾರ್ ಇಳಿದಿದೆ, ಭಯವಾಗುತ್ತಿದೆ.

ಹಡಗಿನಲ್ಲಿ ಕೆಲಸ ಮಾಡಿದವರು

ಭಯ ಬೇಡಮ್ಮ, ಮೊದಲು ಗಡಿಯಾರ ನೋಡಿ. ಉಷ್ಣವಲಯದಲ್ಲಿ ಚಂಡಮಾರುತ ಇಲ್ಲದ ದಿನವೂ ಒತ್ತಡ ಏರಿಳಿಯುತ್ತದೆ. ಬೆಳಿಗ್ಗೆ 10 ಮತ್ತು ರಾತ್ರಿ 10ರ ಹೊತ್ತಿಗೆ ಮೇಲೆ, ನಸುಕಿನ 4 ಮತ್ತು ಸಂಜೆ 4ರ ಹೊತ್ತಿಗೆ ಕೆಳಗೆ. ಬೆಳಿಗ್ಗೆಯಿಂದ ಸಂಜೆಗೆ 3 ಮಿಲಿಬಾರ್ ಇಳಿದದ್ದು ಬರೀ ಇದೇ ಇರಬಹುದು. ನಿನ್ನೆ ಇದೇ ಗಂಟೆಗೆ ಎಷ್ಟಿತ್ತು, ಇವತ್ತು ಎಷ್ಟಿದೆ ಅಂತ ಹೋಲಿಸಿ. ಆ ಲೆಕ್ಕದಲ್ಲಿ 3 ಇಳಿದಿದ್ದರೆ ಎಚ್ಚರವಾಗಬೇಕು. 5ಕ್ಕಿಂತ ಹೆಚ್ಚು ಇಳಿದಿದ್ದರೆ ಚಂಡಮಾರುತ ದೂರದಲ್ಲಿಲ್ಲ ಅಂತಲೇ ಹಡಗಿನವರು ತಿಳಿಯುತ್ತಾರೆ.

ಗಾಳಿಯೂ ಬಹಳ ಹೇಳುತ್ತದೆ. ಉತ್ತರಾರ್ಧಗೋಳದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕೇಂದ್ರ ನಿಮ್ಮ ಎಡಕ್ಕೆ, ಸ್ವಲ್ಪ ಮುಂದಕ್ಕೆ ಇರುತ್ತದೆ. ದಕ್ಷಿಣಾರ್ಧಗೋಳದಲ್ಲಿ ಬಲಕ್ಕೆ. ಡಚ್ ವಿಜ್ಞಾನಿ ಬಾಯ್ಸ್ ಬ್ಯಾಲಟ್ 1857ರಲ್ಲಿ ಪ್ರಕಟಿಸಿದ ನಿಯಮ ಇದು, ಇವತ್ತಿಗೂ ಹಡಗಿನವರು ಕಲಿಯುತ್ತಾರೆ. ಗಂಟೆಗೊಮ್ಮೆ ಗಾಳಿಯ ದಿಕ್ಕು ಬರೆದಿಡಿ. ದಿಕ್ಕು ನಿಧಾನವಾಗಿ ತಿರುಗುತ್ತಿದ್ದರೆ ಕೇಂದ್ರ ನಿಮ್ಮನ್ನು ಒಂದು ಪಕ್ಕಕ್ಕೆ ಬಿಟ್ಟು ಹೋಗುತ್ತಿದೆ. ಗಾಳಿ ಜೋರಾಗುತ್ತಿದೆ, ಒತ್ತಡ ಇಳಿಯುತ್ತಿದೆ, ದಿಕ್ಕು ಮಾತ್ರ ಬದಲಾಗುತ್ತಿಲ್ಲ ಅಂದರೆ ನೇರ ನಿಮ್ಮ ಕಡೆಗೇ ಬರುತ್ತಿದೆ ಅಂತ ಲೆಕ್ಕ. ಗುಡ್ಡ, ಕಟ್ಟಡಗಳ ಮರೆಯಲ್ಲಿ ಇದು ಸರಿಯಾಗಿ ಕಾಣುವುದಿಲ್ಲ, ಬಯಲಲ್ಲಿ ನೋಡಬೇಕು.

ಅಲೆ ಇನ್ನೂ ಮುಂಚೆ ಬರುತ್ತದೆ. ಆಕಾಶ ತಿಳಿಯಾಗಿರುವಾಗಲೇ ಉದ್ದುದ್ದ ಅಲೆಗಳು ನಿಧಾನವಾಗಿ, ಒಂದಕ್ಕೊಂದು ಬಹಳ ಅಂತರ ಬಿಟ್ಟು ದಡಕ್ಕೆ ಬರತೊಡಗುತ್ತವೆ. ದೂರದ ಬಿರುಗಾಳಿ ಎಬ್ಬಿಸಿದ ಅಲೆಗಳು ಅವು, ಚಂಡಮಾರುತಕ್ಕಿಂತ ವೇಗವಾಗಿ ಸಾಗುತ್ತವೆ. ಅವುಗಳನ್ನು ನೋಡಲು ಅಂತ ನೀರಿನ ಅಂಚಿಗೆ ಮಾತ್ರ ಹೋಗಬೇಡಿ. ಸಾಲಿನಲ್ಲಿ ಒಂದು ಅಲೆ ಉಳಿದವಕ್ಕಿಂತ ತುಂಬಾ ಮೇಲೆ ಹತ್ತಿಬಿಡುತ್ತದೆ. ಎತ್ತರದ ಜಾಗದಿಂದ ನೋಡಿದರೂ ಸಾಕಷ್ಟು ಕಾಣುತ್ತದೆ.

ವಾಕೀನ್ ಹೆಸರು ಬಂತಲ್ಲ, ಅದರ ಇನ್ನೊಂದು ಮುಖ ನನಗೆ ಮರೆಯಲಾಗದು. 2015ರ ಅಕ್ಟೋಬರ್ 1ರಂದು ‘ಎಲ್ ಫಾರೋ’ ಎಂಬ ಸರಕು ಹಡಗು ಬಹಾಮಾಸ್ ಬಳಿ ಅದರಲ್ಲಿ ಸಿಕ್ಕಿ ಮುಳುಗಿತು. 33 ಜನರೂ ಹೋದರು. ತನಿಖೆಯಲ್ಲಿ ಬಂದ ಕಾರಣಗಳಲ್ಲಿ ಒಂದು, ತೀರಾ ಇತ್ತೀಚಿನ ಹವಾಮಾನ ಮಾಹಿತಿಯನ್ನು ಬಳಸದೇ ಇದ್ದದ್ದು. ದಯವಿಟ್ಟು ಯಾವ ನಕ್ಷೆ ನೋಡಿದರೂ ಮೂಲೆಯಲ್ಲಿರುವ ಸಮಯ ಮೊದಲು ಓದಿ. ಅದು ಸಾಮಾನ್ಯವಾಗಿ ಯುಟಿಸಿ ಎಂಬ, ಇಡೀ ಜಗತ್ತಿಗೆ ಒಂದೇ ಆದ ಸಮಯದಲ್ಲಿ ಇರುತ್ತದೆ, ನಿಮ್ಮ ಸಮಯಕ್ಕೆ ಬದಲಿಸಿಕೊಳ್ಳಿ. ಮೊಬೈಲಿನಲ್ಲಿ ಸುತ್ತಾಡುವ ಚಿತ್ರಗಳಲ್ಲಿ ಅರ್ಧಕ್ಕೆ ಸಮಯವೇ ಇರುವುದಿಲ್ಲ. ಅಂಥದ್ದನ್ನು ಮುಂದೆ ಕಳಿಸಲೇಬೇಡಿ.

ನೆರೆ ಕಂಡವರು

ಎಲ್ಲರೂ ಕೇಂದ್ರದ ಬಗ್ಗೆ ಮಾತಾಡುತ್ತಿದ್ದೀರಿ, ನಾನು ನೀರಿನ ಬಗ್ಗೆ ಹೇಳುತ್ತೇನೆ. ಅಮೆರಿಕದಲ್ಲಿ 1963ರಿಂದ 2012ರವರೆಗೆ ಚಂಡಮಾರುತಗಳಿಂದ ನೇರವಾಗಿ ಆದ ಸಾವುಗಳನ್ನು ಲೆಕ್ಕ ಹಾಕಿದಾಗ ಹತ್ತರಲ್ಲಿ ಸುಮಾರು ಒಂಬತ್ತು ನೀರಿನಿಂದಲೇ ಆಗಿದ್ದವು. ಗಾಳಿಯಿಂದ ಆದವು ತೀರಾ ಕಡಿಮೆ.

ಚಂಡಮಾರುತ ನಿಮ್ಮ ಊರನ್ನು ಮುಟ್ಟಬೇಕಾಗಿಯೇ ಇಲ್ಲ. 2023ರ ಡಿಸೆಂಬರ್‌ನಲ್ಲಿ ‘ಮಿಚಾಂಗ್’ ತೀರ ದಾಟಿದ್ದು ಆಂಧ್ರದ ಬಾಪಟ್ಲ ಹತ್ತಿರ. ಮುಳುಗಿದ್ದು ಚೆನ್ನೈ. ಕೇಂದ್ರ ಕಡಲಲ್ಲೇ ನಿಧಾನವಾಗಿ ಸಾಗುತ್ತಿತ್ತು, ಮಳೆಪಟ್ಟಿಗಳು ಊರ ಮೇಲೆ ಸುರಿಯುತ್ತಲೇ ಇದ್ದವು. 2021ರ ಮೇ ತಿಂಗಳಲ್ಲಿ ‘ತೌಕ್ತೆ’ ಗುಜರಾತಿನಲ್ಲಿ ತೀರ ದಾಟಿತು, ಆದರೆ ದಾರಿಯುದ್ದಕ್ಕೂ ಕೇರಳ, ಕರ್ನಾಟಕದ ಕಡಲ್ಕೊರೆತ ನೋಡಿದವರಿಗೆ ಗೊತ್ತು. ಉತ್ತರಾರ್ಧಗೋಳದಲ್ಲಿ ಚಂಡಮಾರುತ ಸಾಗುವ ದಿಕ್ಕಿಗೆ ಮುಖ ಮಾಡಿದರೆ ಅದರ ಬಲಭಾಗ ಕಠಿಣ. ಅಲ್ಲಿ ಅದರ ಗಾಳಿಗೆ ಅದು ಸಾಗುವ ವೇಗವೂ ಸೇರುತ್ತದೆ. ಉತ್ತರಕ್ಕೆ ಹೋಗುವಾಗ ತೀರ ಬಲಕ್ಕಿದ್ದರೆ ತೀರ ಅದರ ಕೆಟ್ಟ ಬದಿಯಲ್ಲೇ ಇರುತ್ತದೆ.

ಅದಕ್ಕೇ ನಿಮ್ಮ ಈ ಚಂಡಮಾರುತದ ಬಗ್ಗೆ ನನಗೆ ಹೆಚ್ಚು ಚಿಂತೆ ತರುವುದು ‘ನಿಲ್ಲುತ್ತದೆ’ ಎಂಬ ಸಾಧ್ಯತೆ. 2017ರಲ್ಲಿ ‘ಹಾರ್ವೆ’ ಟೆಕ್ಸಾಸ್ ಮೇಲೆ ಬಂದು ನಿಂತಿತು. ಗಾಳಿಯ ಬಲ ಇಳಿದ ಮೇಲೂ ಮಳೆ ನಿಲ್ಲಲಿಲ್ಲ, ಒಂದು ಕಡೆ ಒಟ್ಟು 1,500 ಮಿ.ಮೀ. ದಾಟಿತು. ದರ್ಜೆ ಇಳಿಯಿತು ಅಂತ ಸುದ್ದಿ ಬಂದಾಗ ಜನ ನಿರಾಳವಾಗುತ್ತಾರೆ. ಆ ದರ್ಜೆ ಗಾಳಿಯದ್ದು, ಮಳೆಯದ್ದಲ್ಲ.

ಇನ್ನು ಮುನ್ಸೂಚನೆಯ ನಕ್ಷೆಯಲ್ಲಿ ಬಿಡಿಸುವ ಆ ‘ಕೋನ್’. ಮುಂದೆ ಅಗಲವಾಗುತ್ತಾ ಹೋಗುವ ಆ ಆಕಾರ ಚಂಡಮಾರುತದ ಗಾತ್ರ ಅಂತ ಬಹಳ ಜನ ತಿಳಿಯುತ್ತಾರೆ. ಅದು ಕೇಂದ್ರ ಎಲ್ಲಿರಬಹುದು ಎಂಬ ಅಂದಾಜು ಅಷ್ಟೇ. ಅಮೆರಿಕದ ಹರಿಕೇನ್ ಕೇಂದ್ರ ಬಿಡಿಸುವ ಕೋನ್‌ನ ಒಳಗೆ ಚಂಡಮಾರುತದ ಕೇಂದ್ರ ಉಳಿಯುವುದು ಸುಮಾರು ಮೂರರಲ್ಲಿ ಎರಡು ಸಲ. ಗಾಳಿ, ಮಳೆ, ಅಲೆ ಎಲ್ಲ ಅದರ ಆಚೆಗೂ ಹೋಗುತ್ತವೆ. ನಮ್ಮ ಊರು ಗೆರೆಯಿಂದ ಹೊರಗಿದೆ ಅಂತ ಸುಮ್ನೆ ಕೂರಬೇಡಿ.

ಕೇಳಿದವರು

ಎನ್ಸೆಂಬಲ್ ನೋಡಿದೆ. ಒಂದು ಗುಂಪು ನಮ್ಮ ಕಡೆಗೆ, ಇನ್ನೊಂದು ಕಡಲಲ್ಲೇ ಸುತ್ತುತ್ತಿದೆ. ನಿನ್ನೆಯ ಇದೇ ಹೊತ್ತಿಗೆ ಹೋಲಿಸಿದರೆ ಒತ್ತಡ 1 ಮಿಲಿಬಾರ್ ಕಡಿಮೆ ಇದೆ. ಈಗ ಏನು ಮಾಡಲಿ?

ಬಹಳ ಕಾಲದಿಂದ ಮಾಡೆಲ್ ನೋಡುತ್ತಾ ಬಂದವರು

ಎರಡು ಗುಂಪಾಗಿದೆ ಅಂದರೆ ನಿಮ್ಮ ಕಡೆ ಬರುವ ಗುಂಪಿಗೆ ತಕ್ಕಂತೆ ಮನೆ ಸಿದ್ಧ ಮಾಡಿ. ಇನ್ನೊಂದು ಗುಂಪು ನಿಜವಾದರೆ ಒಂದಿಷ್ಟು ಕೆಲಸ ವ್ಯರ್ಥವಾಗಬಹುದು, ಅಷ್ಟೇ. ಔಷಧಿ, ಕಾಗದಪತ್ರ, ಟಾರ್ಚ್, ಚಾರ್ಜ್ ಆದ ಫೋನು, ಕುಡಿಯುವ ನೀರು ಇವತ್ತೇ ಒಂದು ಕಡೆ ಇಡಿ. ಮನೆ ಬಿಡುವ ತೀರ್ಮಾನ ನಮ್ಮ ನಿಮ್ಮ ನಕ್ಷೆ ನೋಡಿ ಮಾಡುವಂಥದ್ದಲ್ಲ. ಹವಾಮಾನ ಇಲಾಖೆಯ ಯಾವ ಎಚ್ಚರಿಕೆ ಬಂದರೆ ಹೊರಡುವುದು, ಎಲ್ಲಿಗೆ, ಯಾವ ದಾರಿಯಲ್ಲಿ ಅಂತ ಮನೆಯವರೆಲ್ಲ ಕೂತು ಈಗಲೇ ಮಾತಾಡಿಕೊಳ್ಳಿ. ಆಡಳಿತದವರು ಹೊರಡಿ ಅಂದರೆ ಮುಂದಿನ ಮಾಡೆಲ್ ಬರಲಿ ಅಂತ ಕಾಯಬೇಡಿ.

ಹಡಗಿನಲ್ಲಿ ಕೆಲಸ ಮಾಡಿದವರು

ಒಂದು ವೇಳೆ ಮೇಲಿಂದಲೇ ಹಾದುಹೋದರೆ, ನಡುವೆ ಗಾಳಿ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಆಕಾಶವೂ ತೆರೆಯಬಹುದು. ಅದು ಕಣ್ಣು. ಫೋಟೋ ತೆಗೆಯಲು, ಹೆಂಚು ಸರಿಮಾಡಲು ಹೊರಗೆ ಬರಬೇಡಿ. ಸ್ವಲ್ಪ ಹೊತ್ತಿಗೆ ಎದುರು ದಿಕ್ಕಿನಿಂದ ಅಷ್ಟೇ ಜೋರಾಗಿ ಶುರುವಾಗುತ್ತದೆ. ಮೊದಲ ಸಲ ಸಡಿಲವಾದದ್ದೆಲ್ಲ ಆಗಲೇ ಹಾರುವುದು.

ಉಪಗ್ರಹ ಚಿತ್ರ ನೋಡುವ ಆಸಕ್ತಿ ಇರುವವರು

ಈಗ ಕೊನೆಯ ಚಿತ್ರದಲ್ಲಿ ಕೇಂದ್ರ ಮೋಡದ ಅಂಚಿಗೆ ಹೊರಗೆ ಕಾಣುತ್ತಿದೆ, ಶಿಯರ್ ಇನ್ನೂ ಬಿಟ್ಟಿಲ್ಲ. ರಾತ್ರಿ ಗುಡುಗು ಮೋಡ ಕೇಂದ್ರದ ಮೇಲೆಯೇ ಬೆಳೆದರೆ ಲೆಕ್ಕ ಬದಲಾಗುತ್ತದೆ. ನಾನು ಎಚ್ಚರ ಇರುತ್ತೇನೆ, ಕಂಡದ್ದನ್ನು ಸಮಯದ ಸಮೇತ ಇಲ್ಲಿ ಬರೆಯುತ್ತೇನೆ. ನೀವು ರಾತ್ರಿ 10ರ ಒತ್ತಡ ಮತ್ತು ಗಾಳಿಯ ದಿಕ್ಕು ಬರೆಯಿರಿ, ಆಮೇಲೆ ಮಲಗಿ. ಎಚ್ಚರಿಕೆಯ ಸಂದೇಶ ಬಂದರೆ ಕೇಳಿಸುವ ಹಾಗೆ ಫೋನಿನ ಶಬ್ದ ಮಾತ್ರ ಜೋರಾಗಿ ಇಟ್ಟುಕೊಳ್ಳಿ.