ಸ್ಪೀಕರಿನ ‘ಸೆನ್ಸಿಟಿವಿಟಿ’ಗೆ ‘ಸೂಕ್ಷ್ಮತೆ’ ಒಪ್ಪುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಸಂಗೀತ ಕೇಳಲು ಬಳಸುವ ಮೇಲ್ದರ್ಜೆಯ ಬುಕ್‌ಶೆಲ್ಫ್ (ಪುಸ್ತಕದ ಕಪಾಟಿನಲ್ಲಿ ಹಿಡಿಸುವಷ್ಟು ಪುಟ್ಟ) ಸ್ಪೀಕರುಗಳನ್ನು ಹೋಲಿಸಿ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಸ್ಪೀಕರುಗಳಿಗಿಂತ ಪದಗಳೇ ಹೆಚ್ಚು ಸತಾಯಿಸುತ್ತಿವೆ. ಎಲ್ಲಕ್ಕೂ ಕನ್ನಡ ಪದ ಕಟ್ಟಬೇಕೆಂಬ ಹಟ ನನಗಿಲ್ಲ. ವೂಫರ್ (ತಗ್ಗಿನ ಸ್ವರ ನುಡಿಸುವ ದೊಡ್ಡ ಘಟಕ), ಟ್ವೀಟರ್ (ಎತ್ತರದ ಸ್ವರ ನುಡಿಸುವ ಪುಟ್ಟ ಘಟಕ), ಕ್ರಾಸ್‌ಓವರ್ (ಇವೆರಡಕ್ಕೂ ದನಿ ಹಂಚುವ ಸರ್ಕ್ಯೂಟ್) ಹಾಗೇ ಇರಲಿ. ‘ಧ್ವನಿವರ್ಧಕ’ವನ್ನೂ ಕೈಬಿಟ್ಟಿದ್ದೇನೆ. ವರ್ಧಿಸುವ ಕೆಲಸ ಆಂಪ್ಲಿಫೈಯರಿನದು, ಸ್ಪೀಕರಿನದಲ್ಲ. ಮೇಲಾಗಿ ಆ ಪದ ಓದಿದೊಡನೆ ಕಣ್ಣಿಗೆ ಕಟ್ಟುವುದು ಕಂಬಕ್ಕೆ ಬಿಗಿದ ಕಹಳೆ. ‘ಕಪಾಟಿನ ಸ್ಪೀಕರ್’ ಅಂತೂ ಬೇಡ: ಹೆಸರು ಏನೇ ಇರಲಿ, ಇವನ್ನು ಗೋಡೆಯಿಂದ ತುಸು ದೂರದಲ್ಲಿ, ಟ್ವೀಟರ್ ಕಿವಿಯ ಮಟ್ಟಕ್ಕೆ ಬರುವಂತೆ ಸ್ಟ್ಯಾಂಡಿನ ಮೇಲಿಟ್ಟರೇ ಚೆನ್ನ.

ತೊಡಕಿರುವುದು ಗುಣ ಹೇಳುವ ಮಾತುಗಳಲ್ಲಿ. ಎಲ್ಲಕ್ಕಿಂತ ಹೆಚ್ಚು ಕಾಡುತ್ತಿರುವುದು ‘ಸೆನ್ಸಿಟಿವಿಟಿ’. ಸ್ಪೀಕರಿಗೆ 2.83 ವೋಲ್ಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬುದೇ ಈ ಅಳತೆ. 8 ಓಮ್ ಸ್ಪೀಕರಾದರೆ ಆ ವೋಲ್ಟೇಜಿಗೆ 1 ವ್ಯಾಟ್ ಹೋಗುತ್ತದೆ, 4 ಓಮ್ ಆದರೆ 2 ವ್ಯಾಟ್. ಓಮ್ ನೋಡದೆ ಬರೀ ಡೆಸಿಬೆಲ್ ಹೋಲಿಸುವವರು ಇಲ್ಲೇ ಎಡವುವುದು. ಇರಲಿ, ಪದಕ್ಕೆ ಬರೋಣ. ಇದಕ್ಕೆ ‘ಸೂಕ್ಷ್ಮತೆ’, ‘ಸಂವೇದನಶೀಲತೆ’ ಎಂದು ಬರೆಯುವುದುಂಟು. ಕ್ಯಾಮೆರಾಕ್ಕೋ ಉಷ್ಣಮಾಪಕಕ್ಕೋ ಅದು ಸರಿಹೋದೀತು. ಅವು ಹೊರಗಿನಿಂದ ಗ್ರಹಿಸುವ ಸಾಧನಗಳು. ಸ್ಪೀಕರಿನ ವಿಷಯದಲ್ಲಿ ಅರ್ಥವೇ ತಲೆಕೆಳಗಾಗುತ್ತದೆ. ಬಿಬಿಸಿ 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನುಗಳಲ್ಲಿ ದನಿ ಪರೀಕ್ಷಿಸಲೆಂದು ರೂಪಿಸಿದ ಎಲ್‌ಎಸ್3/5ಎ ಎಂಬ ಪುಟ್ಟ ಸ್ಪೀಕರನ್ನೇ ನೋಡಿ. ಮನುಷ್ಯರ ಮಾತಿನ ನವಿರು ವ್ಯತ್ಯಾಸಗಳನ್ನೂ ಬಿಡದೆ ಕೇಳಿಸುವುದಕ್ಕೆ ಅದು ಇವತ್ತಿಗೂ ಹೆಸರುವಾಸಿ. ಆದರೆ ಅದರ ಸೆನ್ಸಿಟಿವಿಟಿ 83 ಡೆಸಿಬೆಲಿನ ಆಸುಪಾಸು, ಅಂದರೆ ಬಹಳ ಕಡಿಮೆ. ‘ಎಲ್‌ಎಸ್3/5ಎ ಕಡಿಮೆ ಸೂಕ್ಷ್ಮತೆಯ ಸ್ಪೀಕರ್’ ಎಂದು ಬರೆದರೆ ಓದುಗರು ಏನೆಂದುಕೊಂಡಾರು?

‘ದಕ್ಷತೆ’ಯೂ ಹೊಂದುವುದಿಲ್ಲ. ಅದು ಒಳಗೆ ಹೋದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಸದ್ದಾಯಿತು ಎಂಬ ಬೇರೆಯದೇ ಲೆಕ್ಕ. ನನಗೆ ಹೊಳೆದದ್ದು ‘ಓಗೊಡು’. ಕೂಗಿದರೆ ಓಗೊಡುತ್ತೇವಲ್ಲ, ಹಾಗೆ ಸ್ವಲ್ಪವೇ ವಿದ್ಯುತ್ತಿಗೆ ಜೋರಾಗಿ ಓಗೊಡುವ ಸ್ಪೀಕರ್, ಹೆಚ್ಚು ಕೊಟ್ಟರಷ್ಟೇ ಓಗೊಡುವ ಸ್ಪೀಕರ್. ಬೋವರ್ಸ್ ಅಂಡ್ ವಿಲ್ಕಿನ್ಸ್ ಕಂಪನಿಯ 805 ಡಿ4 ಸ್ಪೀಕರಿನ ಓಗೊಡಿಕೆ 88 ಡೆಸಿಬೆಲ್, ಕೆಇಎಫ್ ಕಂಪನಿಯ ಎಲ್‌ಎಸ್50 ಮೆಟಾದ್ದು 85. ಮೂರೇ ಡೆಸಿಬೆಲ್ ಎಂದು ಕಡೆಗಣಿಸುವಂತಿಲ್ಲ; ಅಷ್ಟೇ ಜೋರಿಗೆ ಎರಡನೆಯದಕ್ಕೆ ಇಮ್ಮಡಿ ವ್ಯಾಟ್ ಬೇಕು. ‘ಓಗೊಡಿಕೆ’ ತಾಂತ್ರಿಕ ಪದವಾಗಿ ನಿಲ್ಲುತ್ತದೆಯೋ, ಓದುವವರಿಗೆ ನಗು ಬರಿಸುತ್ತದೆಯೋ ಎಂಬ ಅಳುಕಿದೆ.

ಎರಡನೆಯ ಪದ ‘ಬೇಸ್’, ಅಂದರೆ ಸದ್ದಿನ ತಗ್ಗಿನ ಭಾಗ; ಎತ್ತರದ ಭಾಗ ‘ಟ್ರೆಬಲ್’. ಸಂಗೀತ ಬಲ್ಲ ಗೆಳೆಯರು ‘ಮಂದ್ರ ಇದೆಯಲ್ಲ, ಇನ್ನೇನು ಬೇಕು?’ ಎನ್ನುತ್ತಾರೆ. ಪದವೇನೋ ಸೊಗಸಾಗಿದೆ. ಆದರೆ ಮಂದ್ರ, ಮಧ್ಯ, ತಾರ ಎಂಬ ಕೆಳಗಿನ, ನಡುವಿನ, ಮೇಲಿನ ಸ್ಥಾಯಿಗಳು ಹಾಡುವವರ ಶ್ರುತಿಗೆ ಅಂಟಿಕೊಂಡವು. ಸ್ಪೀಕರಿನವರ ಬೇಸ್, ಟ್ರೆಬಲ್ ಹರ್ಟ್ಸ್ (ಸೆಕೆಂಡಿಗೆ ಎಷ್ಟು ಕಂಪನ) ಲೆಕ್ಕಕ್ಕೆ ಅಂಟಿಕೊಂಡವು. ಹಾರ್ಮೋನಿಯಂನ ಬಿಳಿ ಒಂದರ ಶ್ರುತಿಯಲ್ಲಿ ಗಂಡುದನಿಯ ಮಧ್ಯ ಷಡ್ಜ ಸುಮಾರು 131 ಹರ್ಟ್ಸ್, ತಾರ ಷಡ್ಜ ಸುಮಾರು 262. ಟ್ವೀಟರ್ ಕೆಲಸಕ್ಕಿಳಿಯುವುದು ಸಾಮಾನ್ಯವಾಗಿ 2ರಿಂದ 3 ಸಾವಿರ ಹರ್ಟ್ಸ್‌ನಿಂದ ಮೇಲೆ. ಅಂದರೆ ಗಾಯಕ ತಾರಸ್ಥಾಯಿಯಲ್ಲಿ ಎಷ್ಟೇ ಮೆರೆದರೂ ಆ ಸ್ವರದ ಬುಡ ವೂಫರಿನಲ್ಲೇ ಇರುತ್ತದೆ, ಅದರ ಹಾರ್ಮೋನಿಕ್ಸ್ (ಬುಡದ ಸ್ವರದ ಜೊತೆಗೇ ಮೂಡುವ ಮೇಲಿನ ಕಂಪನಗಳು) ಮಾತ್ರ ಟ್ವೀಟರಿಗೆ ಹೋಗುತ್ತವೆ. ಟ್ರೆಬಲ್ಲಿಗೆ ‘ತಾರ’ ಎಂದರೆ ಪೂರಾ ತಪ್ಪು. ‘ಮಂದ್ರ’ದ್ದು ಅರೆಬರೆ: ಎಲ್‌ಎಸ್50 ಮೆಟಾ 79 ಹರ್ಟ್ಸ್‌ವರೆಗೆ ಮಟ್ಟಸವಾಗಿ ನುಡಿಯುತ್ತದೆ ಎನ್ನುತ್ತಾರೆ ತಯಾರಕರು. ಅದೇ ಶ್ರುತಿಯ ಮಂದ್ರ ಪಂಚಮ, 98 ಹರ್ಟ್ಸ್, ಅದರ ಎಟುಕಿಗೆ ಸಿಗುತ್ತದೆ. ಮಂದ್ರ ಷಡ್ಜ, 65 ಹರ್ಟ್ಸ್, ಸೊರಗುತ್ತದೆ. ಆದರೂ ನಮಗೆ ಆ ಷಡ್ಜ ಕೇಳಿಸುತ್ತದೆ. ಮೇಲಿನ ಹಾರ್ಮೋನಿಕ್ಸ್ ಹಿಡಿದು ಬುಡದ ಸ್ವರವನ್ನು ಕಿವಿಯೇ ಊಹಿಸಿಕೊಳ್ಳುತ್ತದೆ. (ಇದೊಂದನ್ನೇ ಬರೆದರೆ ಇನ್ನೊಂದು ಲೇಖನವಾದೀತು.) ಹಾಗಾಗಿ ‘ಕೆಳದನಿ’, ‘ಮೇಲ್ದನಿ’ ಎಂದು ಬರೆದಿದ್ದೇನೆ. ಸಪ್ಪೆ ಪದಗಳು, ಆದರೆ ಯಾರ ಶ್ರುತಿಯ ಹಂಗೂ ಇಲ್ಲ.

ಕೆಳದನಿ ತುಸು ಮುಂದಾಗಿರುವ ‘ವಾರ್ಮ್’ ಎಂಬುದಕ್ಕೆ ‘ಬೆಚ್ಚಗಿನ ದನಿ’ ಎಂದು ಬರೆದವರನ್ನು ಕಂಡಿದ್ದೇನೆ; ಜ್ವರ ಬಂದ ಹಾಗಿರುತ್ತದೆ. ‘ತುಂಬುದನಿ’ ಇದೆಯಲ್ಲ! ಮೇಲ್ದನಿ ಮುಂದಾಗಿರುವ ‘ಬ್ರೈಟ್’ ಎಂಬುದಕ್ಕೆ ‘ಕೀರಲು’ ಎಂದರೆ ಬೈಗುಳವಾಯಿತು, ‘ಮೊನಚು’ ಸಾಕು. ‘ಕಂಚಿನ ಕಂಠ’ದಲ್ಲಿ ಮಾತ್ರ ಒಂದು ತಮಾಷೆಯಿದೆ. ಗಾಯಕರಿಗೆ ಅದು ಹೊಗಳಿಕೆ. ಸ್ಪೀಕರಿಗೆ ಹಾಗೆಂದರೆ ದೂರು, ಏಕೆಂದರೆ ಪೆಟ್ಟಿಗೆ ತನ್ನದೇ ನಾದ ಸೇರಿಸಬಾರದು. ಮೇಲ್ದರ್ಜೆಯ ಸ್ಪೀಕರುಗಳಲ್ಲಿ ಪೆಟ್ಟಿಗೆಯ ಒಳಗೆ ಅಡ್ಡಪಟ್ಟಿ ಕೊಟ್ಟು, ದಪ್ಪ ಹಲಗೆ ಹಾಕಿ ಬಿಗಿ ಮಾಡುವ ಶ್ರಮವೆಲ್ಲ ಅದು ಕಂಪಿಸದಿರಲೆಂದೇ.

ಉಳಿದದ್ದು ‘ಸೌಂಡ್‌ಸ್ಟೇಜ್’ ಮತ್ತು ‘ಇಮೇಜಿಂಗ್’. ‘ನಾದವೇದಿಕೆ’, ‘ಧ್ವನಿಬಿಂಬ’ ಎಂದೆಲ್ಲ ಕಟ್ಟಬಹುದು, ಆದರೆ ಹೊಸಬರಿಗೆ ತಲೆಬುಡ ತಿಳಿಯದು. ‘ಹರವು’, ‘ನೆಲೆ’ ಎಂದರೆ ಹೇಗೆ? ಹಾಡು ಎಡಬಲಕ್ಕೂ ಹಿಂದಕ್ಕೂ ಎಷ್ಟು ಚಾಚಿದೆ ಎಂಬುದು ಹರವು. ಆ ಹರವಿನೊಳಗೆ ಪಿಟೀಲು ಎಲ್ಲಿ, ಮೃದಂಗ ಎಲ್ಲಿ ಎಂದು ಬೆರಳಿಟ್ಟು ತೋರಿಸುವಂತಿರುವುದು ನೆಲೆ. ಕೆಇಎಫ್‌ನವರು ವೂಫರಿನ ನಡುವೆಯೇ ಟ್ವೀಟರ್ ಕೂರಿಸುತ್ತಾರೆ. ಕೆಳದನಿ ಮೇಲ್ದನಿಗಳೆರಡೂ ಒಂದೇ ಬಿಂದುವಿನಿಂದ ಹೊರಟಂತಾಗಿ ನೆಲೆ ಗಟ್ಟಿಯಾಗುತ್ತದೆ. 805ರಲ್ಲಿ ಟ್ವೀಟರನ್ನು ಪೆಟ್ಟಿಗೆಯ ನೆತ್ತಿಯ ಮೇಲೆ ಪ್ರತ್ಯೇಕ ಕೊಳವೆಯಲ್ಲಿಟ್ಟಿದ್ದಾರೆ. ಪೆಟ್ಟಿಗೆಯ ಮುಖಕ್ಕೆ ತಾಗಿ ದನಿ ಕದಡದಿರಲಿ ಎಂಬುದು ಅಲ್ಲಿನ ಲೆಕ್ಕ.

ಇನ್ನು ಕೇಳಬೇಕಾದದ್ದು ಎರಡು. ‘ಓಗೊಡಿಕೆ’ಯನ್ನು ಯಾರಾದರೂ ಬೇರೆ ತಾಂತ್ರಿಕ ಅರ್ಥದಲ್ಲಿ ಈಗಾಗಲೇ ಬಳಸಿದ್ದಾರೆಯೇ? ವಿಶೇಷವಾಗಿ ‘ರೆಸ್ಪಾನ್ಸ್’ ಎಂಬುದಕ್ಕೆ? ಹಾಗಿದ್ದರೆ ‘ಫ್ರೀಕ್ವೆನ್ಸಿ ರೆಸ್ಪಾನ್ಸ್’ (ಯಾವ ಹರ್ಟ್ಸ್‌ಗೆ ಎಷ್ಟು ಜೋರು ಎಂಬ ಅಳತೆ) ಜೊತೆ ಗೊಂದಲವಾಗುತ್ತದೆ. ಮತ್ತೆ, ‘ಮೊನಚು’ ಎಂಬುದಕ್ಕಿಂತ ಸೌಮ್ಯವಾಗಿ, ಮೆಚ್ಚುಗೆಯಾಗಿಯೂ ದೂರಾಗಿಯೂ ಒದಗುವ ಮಾತು ನಿಮ್ಮ ಕಡೆಯ ಆಡುನುಡಿಯಲ್ಲಿ ಇದೆಯೇ?