ಕಣ್ಣೀರಿನ ಗ್ರಂಥಿಗೆ ನರ ತಲುಪುವುದು ಯಾವ ದಾರಿಯಲ್ಲಿ?

ಪ್ರಶ್ನೆ: ಸರ್, ನಾನು ವೈದ್ಯಕೀಯ ಮೊದಲ ವರ್ಷದ ವಿದ್ಯಾರ್ಥಿನಿ. ಕಣ್ಣೀರಿನ ಗ್ರಂಥಿಗೆ ಹೋಗುವ ಪ್ಯಾರಾಸಿಂಪಥೆಟಿಕ್ ನಾರುಗಳು (ಗ್ರಂಥಿ ಸ್ರವಿಸುವಂತೆ ಮಾಡುವ ನರದ ಎಳೆಗಳು) ಕೆನ್ನೆಯ ಕಡೆಗೆ ಹೋಗುವ ಜೈಗೋಮ್ಯಾಟಿಕ್ ನರದಲ್ಲಿ ಸಾಗಿ, ಸಣ್ಣದೊಂದು ಕೊಂಡಿಯ ಮೂಲಕ ಗ್ರಂಥಿಯತ್ತ ಹೋಗುವ ಲ್ಯಾಕ್ರಿಮಲ್ ನರವನ್ನು ಸೇರುತ್ತವೆ ಎಂದು ಪಠ್ಯದಲ್ಲಿದೆ. ಶವಛೇದನದ ವೇಳೆ ಎಷ್ಟು ಹುಡುಕಿದರೂ ಆ ಕೊಂಡಿ ಕಾಣಲಿಲ್ಲ. ನಾನೇ ಕತ್ತರಿಸಿಬಿಟ್ಟೆನೇ?

ಉತ್ತರ (ಅಂಗರಚನಾಶಾಸ್ತ್ರ ಅಧ್ಯಾಪಕ): ನಿಮ್ಮ ಕೈಯನ್ನು ಅನುಮಾನಿಸಬೇಡಿ. ಎಷ್ಟೋ ದೇಹಗಳಲ್ಲಿ ಆ ಕೊಂಡಿ ಇರುವುದೇ ಇಲ್ಲ.

ಅರ್ಧ ದಾರಿಯವರೆಗೆ ತಕರಾರಿಲ್ಲ. ಮಿದುಳುಕಾಂಡದ ಪಾನ್ಸ್ ಭಾಗದಿಂದ ಹೊರಟ ನಾರುಗಳು ಮುಖದ ಸ್ನಾಯುಗಳನ್ನು ಆಡಿಸುವ ಫೇಶಿಯಲ್ ನರದೊಂದಿಗೆ ಬಂದು, ಜೆನಿಕ್ಯುಲೇಟ್ ಗ್ಯಾಂಗ್ಲಿಯನ್ನಿನಲ್ಲಿ (ಗ್ಯಾಂಗ್ಲಿಯನ್ ಎಂದರೆ ನರಕೋಶಗಳ ಗಂಟು) ನಿಲ್ಲದೆ, ಗ್ರೇಟರ್ ಪೆಟ್ರೋಸಲ್ ನರವಾಗಿ ಕವಲೊಡೆಯುತ್ತವೆ. ಅದರೊಂದಿಗೆ ಕುತ್ತಿಗೆಯಿಂದ ಬಂದ ಸಿಂಪಥೆಟಿಕ್ ನಾರುಗಳೂ ಕೂಡಿಕೊಂಡು ವಿಡಿಯನ್ ನರವಾಗುತ್ತದೆ. ಪ್ಯಾರಾಸಿಂಪಥೆಟಿಕ್ ಸಂದೇಶ ಟೆರಿಗೋಪ್ಯಾಲಟೈನ್ ಗ್ಯಾಂಗ್ಲಿಯನ್ನಿನಲ್ಲಿ ಹೊಸ ನರಕೋಶಕ್ಕೆ ದಾಟುತ್ತದೆ.

ಅಲ್ಲಿಂದ ಮುಂದಿನದೇ ವಿವಾದ. ಸಂಶೋಧಕ ರಸ್ಕೆಲ್ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಂಗಗಳಲ್ಲಿ ಬೇರೆಯೇ ದಾರಿಯನ್ನು ತೋರಿಸಿದರು: ಗ್ಯಾಂಗ್ಲಿಯನ್ನಿನ ಸೂಕ್ಷ್ಮ ಕವಲುಗಳು ಕಣ್ಣುಗುಳಿಯ ಹಿಂಭಾಗದಲ್ಲಿ ಒಂದು ಜಾಲವಾಗಿ ಹೆಣೆದುಕೊಂಡು, ಅಲ್ಲಿಂದ ನೇರವಾಗಿ ಗ್ರಂಥಿಯನ್ನು ಮುಟ್ಟುತ್ತವೆ. ಮನುಷ್ಯರಲ್ಲೂ ಈ ನೇರ ದಾರಿಗೆ ಹೆಚ್ಚಿನ ಮಹತ್ವವಿದೆ ಎಂದೇ ನಾನು ನಂಬುತ್ತೇನೆ. ಕೊಂಡಿಯೇ ಇಲ್ಲದವರ ಕಣ್ಣೂ ಒದ್ದೆಯಾಗಿಯೇ ಇರುತ್ತದೆಯಲ್ಲ! ಆ ಕವಲುಗಳು ಕೂದಲಿಗಿಂತ ನವಿರು. ಕಣ್ಣುಗುಡ್ಡೆಯ ಹಿಂದಿನ ಕೊಬ್ಬನ್ನು ಚಿಮಟದಿಂದ ಎಳೆಯುವಾಗಲೇ ಅದರೊಂದಿಗೆ ಹರಿದು ಬರುತ್ತವೆ. ಮುಂದಿನ ಸಲ ಕೊಬ್ಬನ್ನು ಬಿಡಿಸುವಾಗ ಆತುರಪಡಬೇಡಿ. ಪರೀಕ್ಷೆಯಲ್ಲಿ ಪಠ್ಯದ ದಾರಿಯನ್ನೇ ಬರೆಯಿರಿ, ಮಂಗಗಳ ವಿಚಾರವನ್ನು ಒಂದು ಸಾಲಿನಲ್ಲಿ ಸೇರಿಸಿ.

ಇನ್ನೊಬ್ಬರ ಪ್ರಶ್ನೆ: ನನ್ನ ಅಕ್ಕನಿಗೆ ಮುಖದ ಪಾರ್ಶ್ವವಾಯು ಆಗಿ ಕೆಲವು ತಿಂಗಳಾದವು. ಈಗ ಊಟಕ್ಕೆ ಕುಳಿತರೆ ಅದೇ ಬದಿಯ ಕಣ್ಣಿನಿಂದ ನೀರು ಸುರಿಯುತ್ತದೆ. ಇದಕ್ಕೂ ಈ ನರಕ್ಕೂ ಸಂಬಂಧವಿದೆಯೇ?

ಉತ್ತರ: ಖಂಡಿತ ಇರಬಹುದು. ಲಾಲಾರಸದ ಗ್ರಂಥಿಗೆ ಹೋಗಬೇಕಾದ ನಾರುಗಳೂ ಫೇಶಿಯಲ್ ನರದಲ್ಲೇ ಇರುತ್ತವೆ. ಪೆಟ್ಟಾದ ನರ ಮತ್ತೆ ಬೆಳೆಯುವಾಗ ಅವುಗಳಲ್ಲಿ ಕೆಲವು ದಾರಿ ತಪ್ಪಿ ಕಣ್ಣೀರಿನ ಗ್ರಂಥಿಯನ್ನು ಸೇರುತ್ತವೆ. ಆಗ ಬಾಯಲ್ಲಿ ನೀರೂರಿಸಬೇಕಾದ ಆಜ್ಞೆ ಕಣ್ಣಿಗೆ ತಲುಪುತ್ತದೆ. ಇದನ್ನು ‘ಮೊಸಳೆ ಕಣ್ಣೀರು’ ಎನ್ನುತ್ತಾರೆ. ಆ ಹೆಸರು ನನಗೆ ಹಿಡಿಸದು, ರೋಗಿಯ ಸಂಕೋಚವನ್ನು ಅದು ಹೆಚ್ಚಿಸುತ್ತದೆ. ತೊಂದರೆ ಹೆಚ್ಚಿದ್ದರೆ ಗ್ರಂಥಿಗೆ ನರದ ಸಂದೇಶವನ್ನು ತಡೆಯುವ ಬೊಟುಲಿನಮ್ ಚುಚ್ಚುಮದ್ದು ಕೊಡುವುದುಂಟು. ರೆಪ್ಪೆ ಪೂರ್ತಿ ಮುಚ್ಚದಿದ್ದರೂ ಕಣ್ಣು ಸೋರುತ್ತದೆ, ಆದರೆ ಅದು ಊಟದ ಹೊತ್ತಿಗಷ್ಟೇ ಸೀಮಿತವಲ್ಲ. ಅಕ್ಕನವರು ಕಣ್ಣು ಮುಚ್ಚಿದಾಗ ಬಿಳಿಭಾಗ ಕಾಣುತ್ತದೆಯೇ ನೋಡಿ. ಕಂಡರೆ ತಡಮಾಡದೆ ನೇತ್ರತಜ್ಞರಲ್ಲಿಗೆ ಕರೆದೊಯ್ಯಿರಿ.