ಊರಿನ ಮನೆಗೆ ನಾವೇ ಕ್ಯಾಮರಾ ಹಾಕಬಹುದಾ? ಹಾಕಿದವರು ಅನುಭವ ಹೇಳಿ

ಪೆರ್ಲದಿಂದ, ಕೇಳುವವನು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ, ತೋಟದ ನಡುವೆ. ಅಪ್ಪ ಅಮ್ಮ ಇಬ್ಬರೇ ಇರುವುದು, ನಾನು ಬೆಂಗಳೂರಿನಲ್ಲಿ. ಕಳೆದ ತಿಂಗಳು ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆ ಒಂದು ಮೂಲೆಯಲ್ಲಿ ಬೆಳಗಾಗುವಾಗ ಖಾಲಿ. ಎರಡು ಗೋಣಿಯಷ್ಟು ಹೋಗಿರಬಹುದು ಅಂತಾರೆ ಅಪ್ಪ. ಎರಡು ವಾರ ರಜೆ ಹಾಕಿ ಬರುತ್ತಿದ್ದೇನೆ. ನಾಲ್ಕು ಕ್ಯಾಮರಾ ನಾನೇ ಹಾಕಬೇಕು ಅಂತ ಆಸೆ. ಡ್ರಿಲ್ ಇದೆ, ಏಣಿ ಇದೆ, ಧೈರ್ಯ ಅಷ್ಟಕ್ಕಷ್ಟೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು. ಗೇಟಿಗೆ ಮನೆಯಿಂದ 70 ಮೀಟರ್. ವೈಫೈ ಜಗಲಿಯಲ್ಲಿ ಸಿಗುತ್ತದೆ, ದನದ ಹಟ್ಟಿಯ ಹತ್ತಿರ ಸಿಗುವುದಿಲ್ಲ. ವಯರಿನದ್ದು ಒಳ್ಳೆಯದಾ, ವೈಫೈಯದ್ದಾ, ಸೋಲಾರಾ? ಎಲ್ಲಿ ಕೂರಿಸಬೇಕು? ಮಳೆಗಾಲಕ್ಕೆ ಬಾಳಿಕೆ ಬರುತ್ತದಾ?

ನೀರ್ಚಾಲಿನಿಂದ:

ಭಾವ, ನಿಮ್ಮ ಕಥೆಯೇ ನನ್ನ ಕಥೆ. ನಾನು ಹಾಕಿ ಮೂರು ವರ್ಷವಾಯಿತು. ಮೊದಲು ನನ್ನ ಪೆದ್ದುತನ ಹೇಳಿಬಿಡುತ್ತೇನೆ, ನಿಮಗೆ ದುಡ್ಡು ಉಳಿಯಲಿ.

ಯಾವ ಕ್ಯಾಮರಾ ತರಬೇಕು ಅಂತ ನಾನು ಒಂದು ತಿಂಗಳು ವೀಡಿಯೋ ನೋಡಿದೆ. ವಯರ್ ಎಲ್ಲಿಂದ ಎಲ್ಲಿಗೆ ಹೋಗಬೇಕು ಅಂತ ಹತ್ತು ನಿಮಿಷವೂ ಯೋಚಿಸಲಿಲ್ಲ. ಗೇಟಿಗೆ ತೋಟದ ಬದಿಯಿಂದ ತಾಮ್ರದ ನೆಟ್‌ವರ್ಕ್ ಕೇಬಲ್ ಎಳೆದೆ. ಇಂಥ ಕೇಬಲ್ 100 ಮೀಟರ್‌ವರೆಗೆ ನಡೆಯುತ್ತದೆ, ನನ್ನದು 60. ಲೆಕ್ಕ ಸರಿಯಾಗಿಯೇ ಇತ್ತು. ಮೇ ಕೊನೆಯ ವಾರದ ಪತ್ತನಾಜೆಗೆ ನಾಲ್ಕು ದಿನ ಇರುವಾಗ ಸಂಜೆ ಸಿಡಿಲು ಬಡಿಯಿತು. ಮನೆಗಲ್ಲ, ಕೆಳಗಿನ ತೋಟದ ಒಂದು ತೆಂಗಿನ ಮರಕ್ಕೆ. ಆದರೆ ಗೇಟಿನ ಕ್ಯಾಮರಾ, ಒಳಗಿನ ಸ್ವಿಚ್ (ನೆಟ್‌ವರ್ಕ್ ಕೇಬಲುಗಳೆಲ್ಲ ಬಂದು ಸೇರುವ ಪೆಟ್ಟಿಗೆ), ರೂಟರ್, ಟಿವಿ ಪೆಟ್ಟಿಗೆ ನಾಲ್ಕೂ ಒಟ್ಟಿಗೆ ಹೋದವು. ಸಿಡಿಲು ಹತ್ತಿರ ಎಲ್ಲೋ ಬಿದ್ದರೂ ಸಾಕು, ಉದ್ದಕ್ಕೆ ಮಲಗಿದ ತಾಮ್ರ ಅದರ ಪೆಟ್ಟನ್ನು ಎಳೆದುಕೊಂಡು ಮನೆಯೊಳಗೆ ತರುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲೂ ದೀಪಾವಳಿ ಹೊತ್ತಿನಲ್ಲೂ ಸಿಡಿಲು ಎಷ್ಟು ಅಂತ ನಿಮಗೆ ಹೇಳಬೇಕಾಗಿಲ್ಲ.

ಈಗ ನನ್ನ ನಿಯಮ ಇಷ್ಟೇ: ತಾಮ್ರ ಮನೆಯ ಮಾಡಿನ ಅಡಿಯಲ್ಲಿ ಮಾತ್ರ, ಮಾಡು ದಾಟಿದರೆ ಫೈಬರ್. ಗಾಜಿನ ಎಳೆಯಲ್ಲಿ ಕರೆಂಟು ಓಡುವುದಿಲ್ಲವಲ್ಲ. ಎರಡು ತುದಿಗೂ ಫೈಬರನ್ನು ತಾಮ್ರದ ಕೇಬಲಿಗೆ ಜೋಡಿಸುವ ಒಂದೊಂದು ಮೀಡಿಯಾ ಕನ್ವರ್ಟರ್ ಬೇಕು, ಅದೇನು ದೊಡ್ಡ ಖರ್ಚಲ್ಲ. ಫೈಬರಿನ ತುದಿ ಜೋಡಿಸಲು ಇಂಟರ್ನೆಟ್ಟಿನ ಹುಡುಗನನ್ನೇ ಕರೆದೆ, ಅರ್ಧ ಗಂಟೆಯ ಕೆಲಸ. ಒಂದು ವಿಷಯ ನೋಡಿಕೊಳ್ಳಿ. ಕೆಲವು ಫೈಬರ್ ಕೇಬಲಿಗೆ ಜೋತು ಬೀಳದಂತೆ ಒಂದು ಉಕ್ಕಿನ ತಂತಿ ಅಂಟಿಸಿರುತ್ತಾರೆ. ಅದನ್ನು ಮನೆಯ ಹೊರಗೇ ಕತ್ತರಿಸಿ ಬಿಡಬೇಕು, ಒಳಗೆ ತಂದರೆ ಫೈಬರ್ ಹಾಕಿದ್ದೇ ದಂಡ.

ಗೇಟಿಗೆ ಕರೆಂಟು? ಅದನ್ನೂ ಮನೆಯಿಂದ ಎಳೆಯಲಿಲ್ಲ. ನಮ್ಮ ಗೇಟಿನ ಬಳಿ ಗದ್ದೆ, ಬಿಸಿಲು ಬೀಳುತ್ತದೆ. 100 ವಾಟಿನ ಒಂದು ಪ್ಯಾನಲ್, 12 ವೋಲ್ಟಿನ ಬ್ಯಾಟರಿ, ಕನ್ವರ್ಟರಿಗೆ 12ನ್ನು 5 ವೋಲ್ಟಿಗೆ ಇಳಿಸುವ ಸಣ್ಣ ಬೋರ್ಡು. ಆಟಿ ತಿಂಗಳ ಜೋರು ಮಳೆಯಲ್ಲಿ ಒಂದೆರಡು ದಿನ ಸತ್ತದ್ದುಂಟು. ಪರವಾಗಿಲ್ಲ, ಆಗ ಅಂಗಳದಲ್ಲಿ ಅಡಿಕೆಯೂ ಇರುವುದಿಲ್ಲ. ಇಷ್ಟೆಲ್ಲ ಇದ್ದರೂ ಗುಡುಗು ಶುರುವಾದ ಕೂಡಲೇ ಅಮ್ಮ ಪ್ಲಗ್ಗು ಕಿತ್ತು ಹಾಕುತ್ತಾರೆ. "ಆ ಹೊತ್ತಿಗೆ ಕಳ್ಳ ಬಂದರೆ?" ಅಂತ ಕೇಳಿದೆ. "ಅವನಿಗೂ ಜೀವದ ಆಸೆ ಇಲ್ಲವಾ" ಅಂದರು.

ಇನ್ನು ಲೆನ್ಸು. ಅಂಗಡಿಯಲ್ಲಿ ಸುಮ್ನೆ 2.8 ಮಿಲಿಮೀಟರಿನದ್ದು ಕೊಡುತ್ತಾರೆ. ಅಂಗಳ ಪೂರ್ತಿ ಕಾಣುತ್ತದೆ, ನಮಗೆ ಖುಷಿ. ಆದರೆ ಎಷ್ಟು ಅಗಲ ಕಾಣುತ್ತದೋ ಮನುಷ್ಯ ಅಷ್ಟು ಸಣ್ಣ. 2 ಮೆಗಾಪಿಕ್ಸೆಲಿನ ಕ್ಯಾಮರಾದಲ್ಲಿ 2.8ರ ಲೆನ್ಸ್ ಇದ್ದರೆ ಮುಖ ಇಂಥವರದ್ದೇ ಅಂತ ಹೇಳಲು ಆತ ಸುಮಾರು 10 ಅಡಿಯೊಳಗೆ ಇರಬೇಕು. 6 ಮಿಲಿಮೀಟರಿನದ್ದಾದರೆ 25 ಅಡಿ ದೂರದವರೆಗೂ ಗುರುತು ಸಿಗುತ್ತದೆ, ಆದರೆ ಕಾಣುವ ಜಾಗ ಕಿರಿದು. ಹಾಗಾಗಿ ಅಂಗಳಕ್ಕೆ ಅಗಲದ್ದೊಂದು, ಜನ ನಡೆದು ಬರಲೇಬೇಕಾದ ದಣಪೆಯೋ ಮೆಟ್ಟಿಲೋ ಇದ್ದಲ್ಲಿಗೆ 6ರದ್ದೊಂದು. 10 ಅಡಿಗಿಂತ ಎತ್ತರದಲ್ಲಿ ಕೂರಿಸಬೇಡಿ. ಮೇಲಿನಿಂದ ನೋಡಿದರೆ ಮುಂಡಾಸು ಮಾತ್ರ ಕಾಣುತ್ತದೆ.

ತೂತು ಕೊರೆಯುವ ಮೊದಲು ಒಂದು ರಾತ್ರಿ ಕ್ಯಾಮರಾವನ್ನು ಏಣಿಗೆ ಹಗ್ಗದಲ್ಲಿ ಕಟ್ಟಿ ನೋಡಿ. ಇದನ್ನು ಬಿಡಲೇಬೇಡಿ. ನಾನು ಹಗಲು ನೋಡಿ ಮಾಡಿನ ಅಂಚಿನಡಿಯಲ್ಲಿ ಚಂದ ಮಾಡಿ ಕೂರಿಸಿದ್ದೆ. ರಾತ್ರಿ ನೋಡಿದರೆ ಚಿತ್ರದ ಮೇಲಿನ ಅರ್ಧ ಬೆಳ್ಳಗೆ, ಅಂಗಳ ಕಪ್ಪು ಕತ್ತಲೆ. ಕ್ಯಾಮರಾ ರಾತ್ರಿ ಬಿಡುವ, ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹತ್ತಿರದ ಮಾಡಿನ ಪಕ್ಕಾಸಿಗೂ ಸುಣ್ಣದ ಗೋಡೆಗೂ ಬಡಿದು ಅದರ ಮೋರೆಗೇ ವಾಪಸು ಬರುತ್ತಿತ್ತು. ಒಂದು ಮೊಳ ಕೆಳಗೆ ಇಳಿಸಿದೆ, ಸರಿಯಾಯಿತು. ಹಳೆಯ ತೂತು ಈಗಲೂ ಗೋಡೆಯಲ್ಲಿ ನನ್ನನ್ನು ನೋಡಿ ನಗುತ್ತಿದೆ. ಅಡಿಕೆ ಒಣಗಿಸಲು ಪ್ಲಾಸ್ಟಿಕ್ಕಿನ ಸೋಲಾರ್ ಗೂಡು ಇದ್ದರೆ ಅದರ ಎದುರೂ ಇದೇ ಕಥೆ.

ಮುರಕಲ್ಲು ಬೆಲ್ಲದ ಹಾಗೆ ಕೊರೆಯುತ್ತದೆ, ಬೆಲ್ಲದ ಹಾಗೆಯೇ ಪುಡಿಯಾಗುತ್ತದೆ. ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡಿ ಕೊರೆಯಿರಿ. ಸ್ಕ್ರೂ ಕೂರಿಸಲು ಅಂತ ಪೆಟ್ಟಿಗೆಯಲ್ಲಿ ಬರುವ ಸಣ್ಣ ಪ್ಲಾಸ್ಟಿಕ್ ಪ್ಲಗ್ಗು ಒಳಗೆ ಸುಮ್ನೆ ತಿರುಗುತ್ತದೆ, ಅದನ್ನು ಬಿಸಾಡಿ. ನಾನು ಹಲಸಿನ ಹಲಗೆಯ ತುಂಡೊಂದನ್ನು ನಾಲ್ಕು ಉದ್ದದ ಸ್ಕ್ರೂವಿನಲ್ಲಿ ಗೋಡೆಗೆ ಬಿಗಿದು, ಕ್ಯಾಮರಾವನ್ನು ಆ ತುಂಡಿಗೆ ಹಾಕಿದೆ. ಮಂಗ ಜೋತು ಬಿದ್ದರೂ ಬರಲಿಲ್ಲ. ಸುಮ್ನೆ ಹೇಳಿದ್ದಲ್ಲ, ನಿಜವಾಗಿ ಜೋತು ಬಿದ್ದಿದೆ, ರೆಕಾರ್ಡಿಂಗ್ ಇದೆ.

ಮಳೆಯ ವಿಷಯ. ಐಪಿ 67 ಅಂತ ಬರೆದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ಒಳಗೆ ನೀರು ಹೋಗುವುದಿಲ್ಲ ಅಂತ. ಆ ಮಾತು ಕ್ಯಾಮರಾದ ಹೊಟ್ಟೆಗೆ ಸರಿ, ಅದರ ಬಾಲದಲ್ಲಿ ಜೋತಾಡುವ ವಯರ್ ಜೋಡಣೆಗೆ ಅಲ್ಲ. ನೀರು ಹೋಗುವುದು ಅಲ್ಲೇ. ಜೋಡಣೆಯನ್ನು ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಇಡಿ. ವಯರ್ ಪೆಟ್ಟಿಗೆಯ ಅಡಿಯಿಂದ ಒಳಗೆ ಹೋಗಲಿ, ಮೇಲಿನಿಂದಲೋ ಬದಿಯಿಂದಲೋ ಅಲ್ಲ. ಹೋಗುವ ಮೊದಲು ವಯರ್ ಒಂದು ಗೇಣು ಕೆಳಗೆ ಜೋತು ಬಿದ್ದು ಮತ್ತೆ ಮೇಲಕ್ಕೆ ಏರಬೇಕು. ವಯರ್ ಹಿಡಿದು ಇಳಿಯುವ ನೀರು ಆ ಬಗ್ಗಿದ ಜಾಗದಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ತೂತನ್ನು ಸಿಲಿಕೋನಿನಲ್ಲಿ ಮುಚ್ಚಿ, ಇಲ್ಲದಿದ್ದರೆ ಇರುವೆ ಒಳಗೆ ಸಂಸಾರ ಹೂಡುತ್ತದೆ.

ಕೇಬಲ್ ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಕೇಳಿ. ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ್ದು ಅಗ್ಗಕ್ಕೆ ಸಿಗುತ್ತದೆ. ತುದಿಯನ್ನು ಚೂರಿಯಲ್ಲಿ ಕೆರೆದರೆ ಒಳಗೆ ಬಿಳಿ ಕಾಣುತ್ತದೆ. ಕ್ಯಾಮರಾಕ್ಕೆ ಕರೆಂಟೂ ಅದೇ ವಯರಿನಲ್ಲಿ ಹೋಗುವುದರಿಂದ, ಇಂಥ ಅಗ್ಗದ್ದು ಹಾಕಿದರೆ ರಾತ್ರಿ ಕ್ಯಾಮರಾದ ದೀಪ ಉರಿಯುವ ಹೊತ್ತಿಗೆ ಕರೆಂಟು ಸಾಲದೆ ಕ್ಯಾಮರಾ ಆರಿ ಆರಿ ಹತ್ತುತ್ತದೆ. ಹಗಲು ಸರಿ ಇರುತ್ತದೆ, ರಾತ್ರಿ ಕೈ ಕೊಡುತ್ತದೆ. ನಮಗೆ ಬೇಕಾದದ್ದೇ ರಾತ್ರಿ ಅಲ್ವಾ.

ಉಪ್ಪಳದಿಂದ:

ನಮ್ಮದು ಕಡಲ ಬದಿ, ಸಿಡಿಲಿಗಿಂತ ಉಪ್ಪು ಗಾಳಿಯ ಕಾಟ ಜಾಸ್ತಿ. ಕ್ಯಾಮರಾದ ಜೊತೆ ಕೊಟ್ಟ ಸ್ಕ್ರೂ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಗೋಡೆಯಲ್ಲಿ ಕೆಂಪು ಗೀಟು ಎಳೆಯಿತು. ದೋಣಿಯ ಸಾಮಾನು ಮಾರುವ ಅಂಗಡಿಯಿಂದ ಉಪ್ಪು ಗಾಳಿಗೂ ಸುಲಭದಲ್ಲಿ ತುಕ್ಕು ಹಿಡಿಯದ 316 ದರ್ಜೆಯ ಸ್ಟೀಲಿನದ್ದು ತಂದೆ, ಮತ್ತೆ ತೊಂದರೆ ಇಲ್ಲ. ಗುಂಡು ಗಾಜಿನ ಡೋಮ್ ತರಬೇಡಿ, ಉಪ್ಪು ಕೂತು ಮಬ್ಬಾಗುತ್ತದೆ, ಉಜ್ಜಿದರೆ ಗೀರು. ಉದ್ದದ ಕೊಳವೆಯಂಥದ್ದೇ ಒಳ್ಳೆಯದು.

ಮುಳ್ಳೇರಿಯದಿಂದ:

ಸೋಲಾರ್ 4ಜಿ ಕ್ಯಾಮರಾ ನಾನು ಹಾಕಿದ್ದೇನೆ, ತೋಟದ ಕೊನೆಯ ಪಂಪ್‌ಶೆಡ್ಡಿಗೆ. ಮುಳಿಯಾರು, ಕಾರಡ್ಕ ಕಡೆ ಚಿರತೆ ಸುದ್ದಿ ಬಂದ ಮೇಲೆ ಹೆದರಿ ತಂದದ್ದು. ಹಾಕುವುದು ತುಂಬ ಸುಲಭ, ವಯರೇ ಇಲ್ಲ. ಆದರೆ ಎರಡು ಮಾತು. ಅಡಿಕೆ ಮರದ ನೆರಳಿನಲ್ಲಿ ಅಂಗೈಯಗಲದ ಪ್ಯಾನಲ್ ಚಾರ್ಜ್ ಆಗುವುದಿಲ್ಲ. ಜೂನ್ ಬಂದರೆ ವಾರಕ್ಕೊಮ್ಮೆ ಬಿಚ್ಚಿ ಮನೆಗೆ ತಂದು ಚಾರ್ಜಿಗೆ ಹಾಕಬೇಕು. ಎರಡನೆಯದು, ಬ್ಯಾಟರಿ ಉಳಿಸಲು ಅದು ನಿದ್ದೆ ಮಾಡುತ್ತಾ ಇರುತ್ತದೆ. ಎದುರು ಏನಾದರೂ ಬಿಸಿ ಮೈಯದ್ದು ಹಾದುಹೋದರೆ ಎಚ್ಚರವಾಗಿ ಚಿತ್ರ ತೆಗೆಯುತ್ತದೆ. ಎಚ್ಚರವಾಗಲು ಒಂದೆರಡು ಸೆಕೆಂಡು ಬೇಕು. ನನ್ನ ಫೋನಿನಲ್ಲಿ ಈಗ ಹಂದಿಯ ಬಾಲ, ನವಿಲಿನ ಬಾಲ, ಪಕ್ಕದ ಮನೆಯ ನಾಯಿಯ ಬಾಲ ಬೇಕಾದಷ್ಟಿವೆ. ಮುಖ ಯಾವುದರದ್ದೂ ಇಲ್ಲ. ಅಡಿಕೆ ಅಂಗಳಕ್ಕೆ ಇದು ಬೇಡ.

ತಾಳವಾಡಿಯಿಂದ:

ನಮ್ಮ ಕಡೆ ಕಳ್ಳ ಅಂದರೆ ಆನೆ. ಹೊಲದ ಬದುವಿನಲ್ಲಿ ಕಂಬ ನೆಟ್ಟು ಕ್ಯಾಮರಾ ಹಾಕಿದ್ದೆ. ಕಂಬಕ್ಕೆ ಮೈ ಉಜ್ಜಿ ಕೆಡವಿ ಹೋಯಿತು. ನಿಮಗೆ ಆ ಕಷ್ಟ ಇಲ್ಲ. ನನ್ನ ಅನುಭವದಲ್ಲಿ ಕಂಬಕ್ಕಿಂತ ಗೋಡೆ ಮೇಲು.

ಬದಿಯಡ್ಕದಿಂದ:

ಕ್ಯಾಮರಾ ಕಳ್ಳನನ್ನು ಹಿಡಿಯುವುದಿಲ್ಲ, ಅವನ ಫೋಟೋ ಹಿಡಿಯುತ್ತದೆ. ಮೊದಲು ಆಳು ಬಂದರೆ ಉರಿಯುವ ಲೈಟು ಎರಡು ಹಾಕಿಸಿ. ಒಂದು ನಾಯಿ ಸಾಕಿ. ಉಳಿದ ದುಡ್ಡಿನಲ್ಲಿ ಕ್ಯಾಮರಾ.

ಕುಂಬಳೆಯಿಂದ:

ಹಿರಿಯರ ಮಾತು ಸರಿಯೇ, ಆದರೆ ನಮ್ಮ ನಾಯಿ ಬಂದವರಿಗೆಲ್ಲ ಬಾಲ ಆಡಿಸುತ್ತದೆ!

ತಮ್ಮಾ, ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ನಮ್ಮ ಬಾವಿಕಟ್ಟೆಯ ಕ್ಯಾಮರಾದಲ್ಲಿ ಪಕ್ಕದ ಮನೆಯ ಬಚ್ಚಲಿನ ಬಾಗಿಲು ಕಾಣುತ್ತಿತ್ತು. ನಮಗೆ ಗೊತ್ತೇ ಇರಲಿಲ್ಲ. ಆ ಮನೆಯ ಅಕ್ಕ ಒಂದು ತಿಂಗಳು ನನ್ನ ಹತ್ತಿರ ಮಾತು ಬಿಟ್ಟರು. ಕೊನೆಗೆ ನಾನೇ ಹೋಗಿ ಕೇಳಿದಾಗ ಅತ್ತರು. ಆ್ಯಪಿನಲ್ಲಿ ಪ್ರೈವಸಿ ಮಾಸ್ಕ್ ಅಂತ ಒಂದು ಇದೆ. ಬೇಡದ ಜಾಗದ ಮೇಲೆ ಬೆರಳಲ್ಲಿ ಚೌಕ ಎಳೆದರೆ ಅಷ್ಟು ಭಾಗ ಕಪ್ಪಾಗುತ್ತದೆ, ರೆಕಾರ್ಡೂ ಆಗುವುದಿಲ್ಲ. ಅಕ್ಕನನ್ನು ಕರೆದು ಫೋನಿನಲ್ಲಿ ತೋರಿಸಿದೆ. ಆಮೇಲೆಯೇ ಮನೆಗೆ ಬಂದು ಚಾ ಕುಡಿದದ್ದು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಆದರೆ ಹಳ್ಳಿಯಲ್ಲಿ ಕೋರ್ಟಿಗಿಂತ ಬೇಲಿಯಾಚೆಯ ಮಾತು ಮುಖ್ಯ. ಹಾಕುವ ದಿನವೇ ನೆರೆಯವರನ್ನು ಕರೆದು ತೋರಿಸಿಬಿಡಿ.

ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ವೈರಸ್ಸು ಲಕ್ಷಗಟ್ಟಲೆ ಕ್ಯಾಮರಾ, ರೆಕಾರ್ಡರ್, ರೂಟರುಗಳಿಗೆ ನುಗ್ಗಿದ್ದು ಕಂಪೆನಿ ಕೊಟ್ಟ ಪಾಸ್‌ವರ್ಡನ್ನು ಜನ ಹಾಗೆಯೇ ಬಿಟ್ಟದ್ದರಿಂದ. ನಮ್ಮ ದೇಶದಲ್ಲಿ 2025ರ ಏಪ್ರಿಲ್ 9ರಿಂದ ಸಿಸಿಟಿವಿ ಕ್ಯಾಮರಾಗಳಿಗೆ ಇಂಥ ಭದ್ರತೆಯ ಪರೀಕ್ಷೆ ಕಡ್ಡಾಯವಾಗಿದೆ. ಹಳೆಯ ಸ್ಟಾಕ್ ಅಗ್ಗಕ್ಕೆ ಕೊಡುತ್ತೇವೆ ಅಂದರೆ ಮರುಳಾಗಬೇಡಿ. ಬೇರೆ ಯಾರಾದರೂ ಹಾಕಿಕೊಟ್ಟರೆ ಅವರ ಫೋನಿನಿಂದ ನಿಮ್ಮ ಮನೆಯ ಲಾಗಿನ್ ತೆಗೆಸಿ. ನಮ್ಮಲ್ಲಿ ಹಾಕಿ ಹೋದ ಹುಡುಗನ ಫೋನಿನಲ್ಲಿ ಆರು ತಿಂಗಳು ನಮ್ಮ ಜಗಲಿ ಕಾಣುತ್ತಿತ್ತಂತೆ. ಅವನೇ ನಗುತ್ತಾ ಹೇಳಿದ. ನನಗೆ ನಗು ಬರಲಿಲ್ಲ.

ನೀರ್ಚಾಲಿನಿಂದ, ಮತ್ತೆ:

ರೆಕಾರ್ಡಿಂಗ್ ಲೆಕ್ಕ ಬಿಟ್ಟುಹೋಯಿತು. 2 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 2 ಮೆಗಾಬಿಟ್) ಒಂದು ಕ್ಯಾಮರಾ ದಿನಕ್ಕೆ ಸುಮಾರು 21 ಜಿಬಿ ತಿನ್ನುತ್ತದೆ. 128 ಜಿಬಿಯ ಕಾರ್ಡಿನಲ್ಲಿ ಐದು ದಿನ ನಿಲ್ಲುತ್ತದೆ, ನಾಲ್ಕು ಕ್ಯಾಮರಾಕ್ಕೆ 1 ಟಿಬಿ ಹಾರ್ಡ್ ಡಿಸ್ಕಿನಲ್ಲಿ ಹನ್ನೊಂದು ದಿನ. ಅಡಿಕೆ ಹೋದದ್ದು ಕೆಲವೊಮ್ಮೆ ಅಡಿಕೆ ತಿರುವುವ ದಿನವೇ ಗೊತ್ತಾಗುವುದು, ಹಾಗಾಗಿ ಹತ್ತು ದಿನ ಬೇಕೇ ಬೇಕು. ರೆಕಾರ್ಡರನ್ನು ಟಿವಿಯ ಕೆಳಗೆ ಇಡಬೇಡಿ. ಬಂದವನು ಅದನ್ನೂ ಹೊತ್ತುಕೊಂಡು ಹೋದರೆ? ನಮ್ಮದು ಅಟ್ಟದಲ್ಲಿ, ಹಳೆಯ ಪಾತ್ರೆಗಳ ಹಿಂದೆ. ನಾಲ್ಕು ಕ್ಯಾಮರಾ, ಸ್ವಿಚ್ ಎಲ್ಲ ಸೇರಿ ರಾತ್ರಿ 30 ವಾಟಿನ ಆಚೀಚೆ. ಮನೆಯ ಇನ್‌ವರ್ಟರಿಗೆ ಅದು ಲೆಕ್ಕಕ್ಕೇ ಇಲ್ಲ.

ಪೆರ್ಲದಿಂದ, ಕೇಳಿದವನು:

ಹಾಕಿ ಮುಗಿಯಿತು, ಎಲ್ಲರಿಗೂ ಉಪಕಾರ. ನಾಲ್ಕರ ಬದಲು ಮೂರೇ ಹಾಕಿದೆ: ಅಂಗಳಕ್ಕೆ ಒಂದು, ಮೆಟ್ಟಿಲಿಗೆ 6ರ ಲೆನ್ಸಿನದ್ದೊಂದು, ಹಟ್ಟಿಯ ಕಡೆಗೆ ಒಂದು. ಮೂರೂ ವಯರಿನದ್ದು, ಮೂರೂ ಮಾಡಿನಡಿಯಲ್ಲಿ. ಗೇಟಿಗೆ ಈ ಸಲ ಬರೀ ಲೈಟು. ಬದಿಯಡ್ಕದವರಿಗೆ ಖುಷಿಯಾಗಬಹುದು.

ಏಣಿಗೆ ಕಟ್ಟಿ ಒಂದು ರಾತ್ರಿ ನೋಡಿದ್ದರಿಂದ ಎರಡು ತೂತು ಸುಮ್ನೆ ಕೊರೆಯುವುದು ತಪ್ಪಿತು. ಮೆಟ್ಟಿಲಿನದ್ದನ್ನು ಮೂಡು ದಿಕ್ಕಿಗೆ ಇಟ್ಟಿದ್ದೆ. ಬೆಳಿಗ್ಗೆ ಏಳು ಗಂಟೆಗೆ ಹಾಲು ತರುವವರು ಕರಿ ನೆರಳಿನ ಹಾಗೆ ಕಂಡರು. ಪಡುವಲ ಬದಿಗೆ ತಿರುಗಿಸಿದೆ. ಹಲಸಿನ ತುಂಡು ಹುಡುಕಲು ಹೋಗಿ ಅಪ್ಪ ಹಳೆಯ ಮಂಚದ ಕಾಲನ್ನೇ ಕೊಯ್ದುಕೊಟ್ಟರು.

ಒಂದೇ ಕಷ್ಟ. ಮೊದಲ ವಾರವೇ ರಾತ್ರಿ ಚಿತ್ರದಲ್ಲಿ ಬಿಳಿ ನೂಲು ಆಡುತ್ತಿತ್ತು, ಫೋನಿಗೆ ಒಂದೇ ರಾತ್ರಿ ಇನ್ನೂರು ಸಲ ಎಚ್ಚರಿಕೆ. ಜೇಡ ಬಲೆ ಕಟ್ಟಿದೆ. ಬೆಳಕಿಗೆ ಹುಳ ಬರುತ್ತದೆ, ಹುಳಕ್ಕೆ ಜೇಡ ಬರುತ್ತದೆ. ಸೆಟ್ಟಿಂಗಿನಲ್ಲಿ ಮನುಷ್ಯ ಬಂದರೆ ಮಾತ್ರ ಅಂತ ಮಾಡಿದ ಮೇಲೆ ಎಚ್ಚರಿಕೆ ನಿಂತಿತು, ಬಲೆ ನಿಲ್ಲಲಿಲ್ಲ. ಈಗ ಅಮ್ಮ ಶನಿವಾರ ಶನಿವಾರ ಹಿಡಿಸೂಡಿಯನ್ನು ಕೋಲಿಗೆ ಕಟ್ಟಿ ಗುಡಿಸುತ್ತಾರೆ. ನಾನು ಆಫೀಸಿನಲ್ಲಿ ಆ್ಯಪ್ ತೆರೆದರೆ ಪರದೆ ತುಂಬ ಹಿಡಿಸೂಡಿ ಕಡ್ಡಿ, ಅದರ ಹಿಂದೆ ಅಮ್ಮನ ಮುಖ. ಕ್ಯಾಮರಾದ ಹತ್ತಿರ ಬಾಯಿ ತಂದು ಜೋರಾಗಿ ಕೇಳುತ್ತಾರೆ: "ಈಗ ಸರಿ ಕಾಣ್ತಾ ಮಗಾ?"